ಸೊಳ್ಳೆ ಹಾಡಿದ ದಾಸರ ಪದ

ನಾನು ಚಿಕ್ಕವನಿದ್ದಾಗ ಉಡುಪಿಯ ಕಡೆ ಮದುವೆಮನೆ ಎಲ್ಲಿ ಎಂದು ಯಾರೂ ಕೇಳಬೇಕಾಗಿರಲಿಲ್ಲ. ತೆಂಗಿನ ಮರಕ್ಕೆ ಕಟ್ಟಿದ ಕಹಳೆಯಂಥ ಸ್ಪೀಕರ್ ಬೆಳಗ್ಗೆಯೇ ದಾರಿ ಹೇಳುತ್ತಿತ್ತು. ಎಲ್ಲರೂ ಮದುಮಗಳನ್ನು ನೋಡುವಾಗ ನಾನು ಚಪ್ಪರದ ಮೂಲೆಯಲ್ಲಿ ಕೂತ ಮೈಕಣ್ಣನನ್ನು ನೋಡುತ್ತಿದ್ದೆ. ಅವರಿಗೆ ಬೇರೆ ಹೆಸರೊಂದು ಇದ್ದೇ ಇತ್ತು, ಆದರೆ ಕರೆಯುತ್ತಿದ್ದದ್ದು ಮಾತ್ರ ಮೈಕಣ್ಣ ಎಂದೇ. ಎದುರಿಗೆ ಒಂದು ಆಂಪ್ಲಿಫಯರ್, ಒಂದು ರೆಕಾರ್ಡ್ ಪ್ಲೇಯರ್, ಒಂದು ಮೈಕ್. ಪ್ಲೇಯರಿನ ವೈರನ್ನು ಪೆಟ್ಟಿಗೆಯ ಹಿಂದಿನ ತೂತಿಗೆ ಸಿಕ್ಕಿಸುತ್ತಿದ್ದರು, ಊರಿಗೆಲ್ಲ ಹಾಡು. ಅಷ್ಟೇ.

ಈ ‘ಅಷ್ಟೇ’ಯನ್ನು ನಂಬಿಕೊಂಡೇ ನಾನು ಹೋದ ವರ್ಷ ಒಂದು ಸಣ್ಣ ಮಿಕ್ಸರ್ ತರಿಸಿದೆ. ಅಡುಗೆಮನೆಯದಲ್ಲ, ಬೇರೆ ಬೇರೆ ಕಡೆಯ ಧ್ವನಿಗಳನ್ನು ಬೆರೆಸಿ ಕೊಡುವ ಪೆಟ್ಟಿಗೆ. ಮನೆಯ ಅಟ್ಟದಲ್ಲಿ ಚಿಕ್ಕಪ್ಪ ದುಬೈಯಿಂದ ತಂದ ಟರ್ನ್‌ಟೇಬಲ್, ಅಂದರೆ ರೆಕಾರ್ಡ್ ಪ್ಲೇಯರ್, ಇತ್ತು. ಜೊತೆಗೆ ಬಂದಿದ್ದ ಆಂಪ್ಲಿಫಯರ್ ಯಾವುದೋ ಮಳೆಗಾಲದಲ್ಲಿ ತೀರಿಕೊಂಡಿತ್ತು. ನಮ್ಮ ಉಪ್ಪುಗಾಳಿಗೆ ಪಿನ್ನುಗಳೆಲ್ಲ ಹಸಿರು ಬಂದಿದ್ದವು, ಅವನ್ನು ಉಜ್ಜಿ ಹೊಳಪು ಮಾಡಿದೆ. ದಾಸರ ಪದಗಳ ಒಂದು ಎಲ್‌ಪಿ ರೆಕಾರ್ಡ್ ಇಟ್ಟೆ. ಮಿಕ್ಸರಿನಲ್ಲಿ ಮೊಬೈಲಿನಂಥವಕ್ಕೆಂದು ಇರುವ ಲೈನ್ ತೂತಿಗೆ ಸಿಕ್ಕಿಸಿದೆ. ಆಚೆ ಕಂಪೌಂಡಿನಲ್ಲಿ ಯಾರೋ ಗುನುಗಿದ ಹಾಗೆ ಕೇಳಿಸಿತು. ಸರಿ, ಮೈಕಿನ ತೂತಿಗೆ ಹಾಕಿ ನಾಬ್ ತಿರುಗಿಸಿದೆ. ಈಗ ಜೋರು ಬಂತು, ಆದರೆ ಧ್ವನಿಗೆ ಹೊಟ್ಟೆಯೇ ಇರಲಿಲ್ಲ, ಬರೀ ಮೂಗು.

ಅಮ್ಮ ಒಳಗಿಂದ ಕೇಳಿದರು, “ಎಂತ ಅದು, ಸೊಳ್ಳೆ ಹಾಡುವುದಾ?”

ಮೈಕಣ್ಣನ ಮನೆಗೇ ಹೋದೆ. ಅಂಗಡಿ ಈಗ ಮಗನದು, ಬೋರ್ಡಿನಲ್ಲಿ ‘ಸೌಂಡ್ಸ್’ ಎಂದು ಬಂದಿದೆ. ಅವರು ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತಾ ಕೂತಿದ್ದರು. ನನ್ನ ಕಥೆ ಕೇಳಿ ನಕ್ಕರು. “ಅದು ಫೋನೋ, ರೆಕಾರ್ಡಿನ ಧ್ವನಿ ಮಾರಾಯ್ರೆ. ಮಧ್ಯದಲ್ಲಿ ಒಂದು ಡಬ್ಬಿ ಬೇಕು.”

“ನೀವು ಹಾಕ್ತಾ ಇರ್ಲಿಲ್ವಲ್ಲ?”

“ನಮ್ಮದು ಹರಳಿನ ಸೂಜಿ. ನಿಮ್ಮದು ಅಯಸ್ಕಾಂತದ್ದು.”

ನಲವತ್ತು ವರ್ಷ ನಾನು ನೋಡಿಯೂ ನೋಡದೆ ಬಿಟ್ಟದ್ದು ಇದನ್ನೇ. ಆಗಿನ ಅಗ್ಗದ ಪ್ಲೇಯರುಗಳಲ್ಲಿ ಸೂಜಿಯ ಹಿಂದೆ ಒಂದು ಹರಳು ಇರುತ್ತಿತ್ತು. ಒತ್ತಿದರೆ ವಿದ್ಯುತ್ ಕೊಡುವ ಜಾತಿಯದು. ಅಡುಗೆಮನೆಯಲ್ಲಿ ಟಕ್ ಟಕ್ ಎನ್ನುವ ಗ್ಯಾಸ್ ಲೈಟರ್ ಒಳಗಿರುವುದೂ ಅದೇ ಜಾತಿ. ಅದು ನೂರಾರು ಮಿಲಿವೋಲ್ಟ್ ಕೊಡುತ್ತದೆ, ನೇರ ಸಿಕ್ಕಿಸಿದರೆ ಸಾಕು. ಚಿಕ್ಕಪ್ಪನ ಟರ್ನ್‌ಟೇಬಲ್ ಮೇಲ್ವರ್ಗದ್ದು. ಪುಟ್ಟ ಅಯಸ್ಕಾಂತ, ಪುಟ್ಟ ಸುರುಳಿ, ಹೊರಗೆ ಬರುವುದು ಸುಮಾರು 5 ಮಿಲಿವೋಲ್ಟ್ ಮಾತ್ರ. ಮಿಕ್ಸರಿನ ಲೈನ್ ತೂತು ಕಾಯುವುದು 300 ಮಿಲಿವೋಲ್ಟಿಗೆ, ಕೆಲವು ಕಡೆ ಇನ್ನೂ ಜಾಸ್ತಿಗೆ.

ನನಗೆ ಇದು ತಲೆಗೆ ಹೋದದ್ದು ಬಾವಿಯ ಲೆಕ್ಕದಲ್ಲಿ. ಮೊಬೈಲ್ ಎಂದರೆ ಜುಲೈ ತಿಂಗಳ ಬಾವಿ, ಬಗ್ಗಿ ಕೊಡಪಾನ ಅದ್ದಿದರೆ ತುಂಬುತ್ತದೆ. ಮೈಕು, ರೆಕಾರ್ಡು ಎರಡೂ ಮೇ ತಿಂಗಳ ಬಾವಿಗಳು. ಮುರಕಲ್ಲಿನ ತಳದಲ್ಲಿ ಎಲ್ಲೋ ಒಂದು ಮಿನುಗು. ಮಿಕ್ಸರಿನಲ್ಲಿ ಮೇಲಿರುವ ಗೇನ್ ಎಂಬ ನಾಬ್ ಹಗ್ಗ. ಕೆಳಗೆ ಜಾರುವ ಫೇಡರ್, ಸೇದಿದ ನೀರನ್ನು ಯಾರಿಗೆ ಎಷ್ಟು ಎಂದು ಬಡಿಸುವ ಸೌಟು. ಹಗ್ಗ ಗಿಡ್ಡ ಬಿಟ್ಟು ಸೌಟನ್ನು ಎಷ್ಟು ಆಡಿಸಿದರೂ ಬರುವುದು ಸುಯ್ ಎನ್ನುವ ಸದ್ದೇ. ಹಗ್ಗ ಅತಿಯಾದರೆ ಕೆಂಪು ದೀಪ ಹತ್ತಿ ಧ್ವನಿ ಒಡೆಯುತ್ತದೆ. ಹೊಸಬರು ಮಾಡುವ ತಪ್ಪು ಹೆಚ್ಚಾಗಿ ಇಲ್ಲೇ. ನಾನೂ ಮಾಡಿದ್ದೇನೆ, ಒಂದಲ್ಲ ಹತ್ತು ಸಲ.

ಆದರೆ ರೆಕಾರ್ಡಿಗೆ ಹಗ್ಗ ಉದ್ದ ಬಿಟ್ಟರೂ ಸಾಲದು. ತಗ್ಗಿನ ಸ್ವರಗಳು ಸೂಜಿಯ ಗೆರೆಯನ್ನು ಬಹಳ ಅಗಲ ಓಲಾಡಿಸುತ್ತವೆ. ಹಾಗೇ ಕೆತ್ತಿದರೆ ಒಂದು ಗೆರೆ ಪಕ್ಕದ ಗೆರೆಯ ಅಂಗಳಕ್ಕೆ ನುಗ್ಗುತ್ತದೆ. ಅದಕ್ಕೆ ಕೆತ್ತುವಾಗಲೇ ತಗ್ಗನ್ನು ಕುಗ್ಗಿಸಿ, ಏರನ್ನು ಹಿಗ್ಗಿಸಿ ಇಡುತ್ತಾರೆ. ಎಷ್ಟು ಕುಗ್ಗಿಸಬೇಕು, ಎಷ್ಟು ಹಿಗ್ಗಿಸಬೇಕು ಎಂದು ಅಮೆರಿಕದ ರೆಕಾರ್ಡ್ ಉದ್ಯಮದವರು 1954ರಲ್ಲಿ ಒಂದು ಲೆಕ್ಕಕ್ಕೆ ಬಂದರು. ಅದಕ್ಕೆ ಆರ್‌ಐಎಎ ಎಂದು ಹೆಸರು. ನುಡಿಸುವಾಗ ಇದನ್ನು ತಿರುವುಮುರುವು ಮಾಡಿ ಹೊಟ್ಟೆಯನ್ನು ಹೊಟ್ಟೆಯ ಜಾಗಕ್ಕೆ ಸೇರಿಸಬೇಕು. ಮೈಕಣ್ಣನ ಡಬ್ಬಿ, ಅಂದರೆ ಫೋನೋ ಪ್ರೀಆಂಪ್, ಮಾಡುವುದು ಈ ಎರಡು ಕೆಲಸ: ಸುಮಾರು ನೂರು ಪಟ್ಟು ಏರಿಸುವುದು ಮತ್ತು ಮೂಗನ್ನು ಇಳಿಸುವುದು.

ಡಬ್ಬಿ ಬಂತು. ದಾಸರು ಹಾಡಿದರು. ಹಿಂದೆಯೇ ‘ಗುಂಯ್’ ಎಂಬ ಶ್ರುತಿ. ನಮ್ಮ ಮನೆಯ ಕರೆಂಟು ಸೆಕೆಂಡಿಗೆ 50 ಸಲ ಅಲುಗುತ್ತದಲ್ಲ, ಅದೇ ಒಳಗೆ ಸೇರಿಕೊಂಡು ತಾನೂ ಹಾಡುತ್ತಿತ್ತು. ಟರ್ನ್‌ಟೇಬಲಿನ ಲೋಹದ ತೋಳಿಗೆ ಬೆರಳು ಇಟ್ಟರೆ ಕಡಿಮೆ, ತೆಗೆದರೆ ಜಾಸ್ತಿ. “ಹಾಗಾದ್ರೆ ಅದನ್ನೇ ಹಿಡ್ಕೊಂಡು ಕೂತ್ಕೊ,” ಎಂದರು ಅಮ್ಮ. ನೋಡಿದರೆ ಹಿಂಬದಿಯಲ್ಲಿ ಸಿಗ್ನಲ್ ವೈರುಗಳ ಜೊತೆ ಒಂದು ಬಡಪಾಯಿ ಒಂಟಿ ವೈರ್ ನೇತಾಡುತ್ತಿತ್ತು. ಅದು ಅರ್ತಿಂಗ್. ಡಬ್ಬಿಯ ತಿರುಪಿಗೆ ಅದನ್ನು ಕಟ್ಟಿದ ಕ್ಷಣ ಮನೆಯಲ್ಲಿ ಮೌನ. ಅಂಥ ಮೌನವನ್ನು ನಾನು ಕೇಳಿದ್ದೇ ಮೊದಲು.

ಪಿನ್ನುಗಳದ್ದು ಬೇರೆಯೇ ಸಂಸಾರ. ಮೊಬೈಲಿನ ಸಣ್ಣದಕ್ಕೆ ನಮ್ಮಲ್ಲಿ ಇ.ಪಿ. ಪಿನ್. ಗಿಟಾರಿನ ದಪ್ಪದ್ದು ಪಿ-38. ಮೂರು ಕಡ್ಡಿಯ ದುಂಡನೆಯದು ಎಕ್ಸ್‌ಎಲ್‌ಆರ್ ಎಂದು ಪುಸ್ತಕದಲ್ಲಿ, ಕ್ಯಾನನ್ ಎಂದು ಅಂಗಡಿಯಲ್ಲಿ. ಈ ಕ್ಯಾನನ್ ಬಗ್ಗೆ ನನಗೆ ವಿಶೇಷ ಗೌರವ. ಮೈಕಿನ ಧ್ವನಿ ಒಂದು ತಂತಿಯಲ್ಲಿ ನೇರ, ಇನ್ನೊಂದರಲ್ಲಿ ತಲೆಕೆಳಗಾಗಿ ಬರುತ್ತದೆ. ದಾರಿಯಲ್ಲಿ ಅಂಟುವ ಗದ್ದಲ ಎರಡಕ್ಕೂ ಒಂದೇ ತರ ಅಂಟುತ್ತದೆ. ಮಿಕ್ಸರ್ ಒಂದರಿಂದ ಇನ್ನೊಂದನ್ನು ಕಳೆಯುತ್ತದೆ. ಗದ್ದಲ ಸೊನ್ನೆ, ಧ್ವನಿ ಇಮ್ಮಡಿ. ಎಷ್ಟು ಚಂದದ ಲೆಕ್ಕ ಅಲ್ವಾ? ಅದಕ್ಕೇ ಮೈಕಿನ ವೈರ್ ಮಂದಿರದ ಈ ತುದಿಯಿಂದ ಆ ತುದಿಗೆ ಹೋಗಬಹುದು, ರೆಕಾರ್ಡಿನ ವೈರ್ ಒಂದೆರಡು ಮೀಟರ್ ದಾಟಿದರೆ ರಗಳೆ.

ಮಂದಿರ ಎಂದೆನಲ್ಲ. ನಮ್ಮ ಭಜನಾ ಮಂದಿರದ ವಾರ್ಷಿಕ ಭಜನೆಗೆ “ಮಿಕ್ಸರ್ ನಿಮ್ಮಲ್ಲಿ ಉಂಟಂತೆ” ಎಂದು ಹುಡುಗರು ಬಂದರು. ನಾನು ಬೇಡ ಎನ್ನುವ ಮೊದಲೇ ಅಮ್ಮ ಹೂಂ ಎಂದಿದ್ದರು. ಮೈಕಣ್ಣ ನಾಲ್ಕು ವೈರು, ಆರ್‌ಸಿಎ ಎಂಬ ಕೆಂಪು-ಬಿಳಿ ಪಿನ್ನುಗಳಿಂದ ಪಿ-38ಕ್ಕೆ ಹೋಗುವ ಎರಡು ಕನ್ವರ್ಟರ್ ಕೊಟ್ಟು, ತಾವೂ ಬಂದು ಗೋಡೆಗೆ ಒರಗಿ ಕೂತರು. ಒಂದೇ ಮಾತು ಹೇಳಿದರು: ಹೊತ್ತಿಸುವಾಗ ಆಂಪ್ಲಿಫಯರ್ ಕೊನೆಗೆ, ಆರಿಸುವಾಗ ಅದೇ ಮೊದಲು. ಇಲ್ಲದಿದ್ದರೆ ‘ಧಡ್’ ಎಂದು ಸ್ಪೀಕರ್ ಬಾಕ್ಸಿನ ಎದೆಗೇ ಪೆಟ್ಟು.

ಭಜನೆಗೆ ಮುಂಚೆ ರೆಕಾರ್ಡ್ ಹಾಕಿದೆ. ವೇದಿಕೆಯ ಹಲಗೆ ಮೇಲೆ ಇಟ್ಟಿದ್ದೆ. ಮಕ್ಕಳು ಹಾರಿದಾಗೆಲ್ಲ ದಾಸರೂ ಒಂದು ಸಾಲು ಹಾರಿದರು. ಸೂಜಿಗೆ ಹಾಡೂ ಹೆಜ್ಜೆಯೂ ಒಂದೇ, ಅಲುಗಿದ್ದನ್ನೆಲ್ಲ ಒಪ್ಪಿಸಿಬಿಡುತ್ತದೆ. ಕಲ್ಲಿನ ಕಟ್ಟೆಯ ಮೇಲೆ, ಬಾಕ್ಸಿನಿಂದ ದೂರ ಇಟ್ಟ ಮೇಲೆ ಸರಿಯಾಯಿತು.

ಆಮೇಲೆ ಮೈಕ್. ಮೊದಲು ಬಂದವರು ಅದಕ್ಕೆ ಊದಿದರು, ಎರಡನೆಯವರು ತಟ್ಟಿದರು, ಮೂರನೆಯವರು ಹಲೋ ಹಲೋ ಎಂದರು. ಹಲೋ ಒಂದೇ ಸಾಕು ಮಾರ್ರೆ, ಊದಿದರೆ ಒಳಗೆ ಹೋಗುವುದು ಗಾಳಿ ಮತ್ತು ಎಂಜಲು. ಒಬ್ಬ ಹುಡುಗ ಸಿನಿಮಾದವರ ಹಾಗೆ ಮೈಕಿನ ತಲೆಯನ್ನೇ ಮುಷ್ಟಿಯಲ್ಲಿ ಹಿಡಿದು ಬಾಕ್ಸಿನ ಎದುರು ಹೋಗಿ ನಿಂತ. ಕುಂಯ್ಯ್! ಅಜ್ಜಿಯರು ಕಿವಿ ಮುಚ್ಚಿದರು. ಬಾಕ್ಸಿನಿಂದ ಬಂದದ್ದು ಮೈಕಿಗೆ, ಮೈಕಿನಿಂದ ಮತ್ತೆ ಬಾಕ್ಸಿಗೆ, ಚಾಡಿಮಾತಿನ ಹಾಗೆ ಸುತ್ತಿ ಸುತ್ತಿ ಬೆಳೆಯುವ ಕೂಗು ಅದು. ಹಿಂದಿನಿಂದ ಬರುವ ಸದ್ದನ್ನು ಕೇಳದ ಹಾಗೆ ಮೈಕಿನ ತಲೆಯನ್ನು ಮಾಡಿರುತ್ತಾರೆ. ಮುಷ್ಟಿ ಮುಚ್ಚಿದರೆ ಆ ಉಪಾಯ ಕೆಡುತ್ತದೆ. ನಾನು ನಾಬುಗಳನ್ನು ಒಂದೊಂದಾಗಿ ತಿರುಗಿಸಿ ಬೆವರುತ್ತಿದ್ದೆ. ಮೈಕಣ್ಣ ಎದ್ದು ಹೋಗಿ ಹುಡುಗನ ಕೈಯನ್ನು ಎರಡು ಇಂಚು ಕೆಳಗೆ ಸರಿಸಿ ಬಂದು ಕೂತರು.

ರಾತ್ರಿ ಹತ್ತಕ್ಕೆ ಎಲ್ಲ ಆಫ್. ವೈರನ್ನು ಮೊಣಕೈಗೆ ಸುತ್ತಲು ಹೊರಟೆ, ಮೈಕಣ್ಣ ಬೈದರು. ಒಂದು ಸುತ್ತು ಮೇಲಿಂದ, ಒಂದು ಸುತ್ತು ಒಳಗಿಂದ ಹಾಕಬೇಕಂತೆ, ಆಗ ಒಳಗಿನ ತಂತಿ ತಿರುಚುವುದಿಲ್ಲ. ಸುತ್ತಿ ಲೆಕ್ಕ ಮಾಡಿದರು. “ಒಂದು ಪಿ-38 ಕಡಿಮೆ ಉಂಟಲ್ಲ?” ಮೊಬೈಲ್ ಟಾರ್ಚ್ ಹಿಡಿದು ಚಾಪೆಯ ಅಡಿಯೆಲ್ಲ ಹುಡುಕಿದೆವು. ಸಿಗಲಿಲ್ಲ.

ಮರುದಿನ ಬಟ್ಟೆ ಒಗೆಯುವಾಗ ಅಮ್ಮ ನನ್ನ ಅಂಗಿಯ ಜೇಬಿನಿಂದ ಅದನ್ನು ತೆಗೆದು, “ಇದೆಂತದ್ದು, ಬುಗುಡಿಯಾ?” ಎಂದರು.

ವಾರವಾಯಿತು, ಇನ್ನೂ ಕೊಟ್ಟಿಲ್ಲ. ಇಂದು ಸಂಜೆ ಹೋಗಬೇಕು. ಆ ದಿನ ಅವಸರದಲ್ಲಿ ಕೆಂಪು ಪಿನ್ನನ್ನು ಎಡಕ್ಕೆ, ಬಿಳಿಯದನ್ನು ಬಲಕ್ಕೆ ಹಾಕಿಬಿಟ್ಟಿದ್ದೆ. ಕೆಂಪು ಬಲ ಎಂಬುದು ನೆನಪಾದದ್ದು ಮನೆಗೆ ಬಂದ ಮೇಲೆ. ಮೈಕಣ್ಣ ಅದನ್ನು ನೋಡಿಯೂ ಸುಮ್ಮನಿದ್ದರಾ ಎಂದು ಕೇಳಬೇಕು.