ಸುದ್ದಿ ಹಾಕ್ರಿ, ಫೈಲಿಗೆ ಬೇಕು

ನಮ್ಮ ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿ ವೇದಿಕೆಗೆ ಬರ ಇಲ್ಲ. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬೈಯಲ್ಲಿ ಹುಟ್ಟಿ ಮರುವರ್ಷ ಧಾರವಾಡಕ್ಕೆ ಬಂತು. 1986ರಲ್ಲಿ ಕೃಷಿ ವಿಶ್ವವಿದ್ಯಾಲಯ ಆಯಿತು. 2009ರಲ್ಲಿ ನವನಗರದ ಕಾನೂನು ವಿಶ್ವವಿದ್ಯಾಲಯ, 2015ರಲ್ಲಿ ಐಐಐಟಿ, 2016ರಲ್ಲಿ ಐಐಟಿ. ಆಚೆ ಗದಗಿನ ನಾಗಾವಿ ಗುಡ್ಡದ ಕಡೆ ಪಂಚಾಯತ್ ರಾಜ್ ವಿಶ್ವವಿದ್ಯಾಲಯ, ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ. ಇವುಗಳ ನಡುವೆ ಪದವಿ ಕಾಲೇಜುಗಳು ಎಷ್ಟಿವೆ ಅಂತ ಎಣಿಸಲು ಹೋಗಬೇಡಿ. ಪ್ರತಿ ಕಾಲೇಜಿಗೂ ಒಂದು ಸಭಾಭವನ, ಪ್ರತಿ ಸಭಾಭವನದಲ್ಲೂ ಒಂದು ಮೈಕು, ಮೈಕಿನ ಮುಂದೆ ಯಾರಾದರೂ ಒಬ್ಬರು ಇದ್ದೇ ಇರುತ್ತಾರೆ.

ಇಂಥ ಊರಿನಲ್ಲಿ ಕ್ಯಾಂಪಸ್ ಸುದ್ದಿ ಬರೆಯುವ ಕೆಲಸ ನನ್ನದು. ವಯಸ್ಸು ಸಣ್ಣದು, ಬೈಕು ಹಳೆಯದು, ಮೊಬೈಲಿನಲ್ಲಿ ಮೂವತ್ತು ಚಿಲ್ಲರೆ ವಾಟ್ಸ್ಆ್ಯಪ್ ಗುಂಪು. ಬೆಳಿಗ್ಗೆ ಕಣ್ಣು ಬಿಡುವಷ್ಟರಲ್ಲಿ ಪತ್ರಿಕಾ ಪ್ರಕಟಣೆಗಳು ಬಂದು ಕುಳಿತಿರುತ್ತವೆ. ಕೆಲವು ಕಾರ್ಯಕ್ರಮಕ್ಕಿಂತ ಮೊದಲೇ ಬರುತ್ತವೆ. ಹತ್ತೂವರೆಗೆ ಉದ್ಘಾಟನೆ ಅಂದರೆ ಒಂಬತ್ತಕ್ಕೇ ‘ಉದ್ಘಾಟಿಸಿ ಮಾತನಾಡಿದರು’ ಅಂತ ಸುದ್ದಿ ತಯಾರು. ಒಮ್ಮೆ ಉದ್ಘಾಟಕರಿಗೆ ಮೈಯಲ್ಲಿ ಹುಷಾರಿರಲಿಲ್ಲ, ಬರಲೇ ಇಲ್ಲ. ಆದರೂ ಪ್ರಕಟಣೆಯಲ್ಲಿ ಅವರು ಯುವಕರಿಗೆ ಕರೆ ಕೊಟ್ಟಾಗಿತ್ತು.

ಪ್ರಕಟಣೆಯ ಮೊದಲ ಎರಡು ಸಾಲು ವಿಷಯ. ಆಮೇಲಿನ ಹದಿನೈದು ಸಾಲು ಹೆಸರು. ಸ್ವಾಗತಿಸಿದವರು, ನಿರೂಪಿಸಿದವರು, ಪ್ರಾರ್ಥಿಸಿದವರು, ವಂದಿಸಿದವರು, ಏನೂ ಮಾಡದೆ ಸುಮ್ನೆ ಕುಳಿತಿದ್ದವರು. ವಿದ್ಯಾರ್ಥಿಗಳು ಕೊನೆಯ ಸಾಲಿನಲ್ಲಿ ‘ಮುಂತಾದವರು ಇದ್ದರು’ ಎಂಬಲ್ಲಿ ಬರುತ್ತಾರೆ. ಮುನ್ನೂರು ಹುಡುಗರನ್ನು ಮಧ್ಯಾಹ್ನದ ಊಟ ಬಿಡಿಸಿ, ಹಾಜರಿ ಕೊಡುವುದಿಲ್ಲ ಅಂತ ಹೆದರಿಸಿ ಕೂರಿಸಿರುತ್ತಾರೆ. ಅವರೆಲ್ಲ ಸೇರಿದರೆ ಒಂದು ‘ಮುಂತಾದವರು’.

ಯಾರು ಇದನ್ನೆಲ್ಲ ಓದುತ್ತಾರೆ ಅಂತ ನನಗೂ ಸಂಶಯ ಇತ್ತು. ವಿದ್ಯಾರ್ಥಿಗಳಂತೂ ಓದುವುದಿಲ್ಲ, ಅವರು ಮೊಬೈಲಿನಲ್ಲಿ ರೀಲ್ಸ್ ನೋಡುತ್ತಾರೆ. ಪ್ರಾಧ್ಯಾಪಕರು ತಮ್ಮ ಹೆಸರಿನ ಕಾಗುಣಿತ ಸರಿ ಇದೆಯಾ ಅಂತಷ್ಟೇ ನೋಡುತ್ತಾರೆ. ಉತ್ತರ ಕೊಟ್ಟವರು ಕಾಲೇಜೊಂದರ ಐಕ್ಯೂಎಸಿ, ಅಂದರೆ ಆಂತರಿಕ ಗುಣಮಟ್ಟ ಖಾತರಿ ಘಟಕದ ಸಂಯೋಜಕರು. ಅವರು ಫೋನಿನಲ್ಲಿ ಹೇಳಿದ್ದು ಇಷ್ಟೇ: ‘ಸಣ್ಣದಾಗ್ಲಿ, ಮೂಲ್ಯಾಗ್ ಆಗ್ಲಿ, ಒಂದ್ ಸುದ್ದಿ ಹಾಕ್ರಿ. ಫೈಲಿಗೆ ಬೇಕು.’

ಫೈಲು ಅಂದರೆ ನ್ಯಾಕ್ ಫೈಲು. ನ್ಯಾಕ್ ಅಂದರೆ ಕಾಲೇಜುಗಳ ಗುಣಮಟ್ಟ ಅಳೆಯಲು 1994ರಲ್ಲಿ ಶುರುವಾದ ಸಂಸ್ಥೆ. ಕಚೇರಿ ನಮ್ಮ ಬೆಂಗಳೂರಿನಲ್ಲೇ ಇದೆ. ಏಳು ಮಾನದಂಡ, ನಾಲ್ಕು ಅಂಕದ ಅಳತೆ, 3.51 ಮುಟ್ಟಿದರೆ ಎ ಪ್ಲಸ್ ಪ್ಲಸ್ ಸಿಗುತ್ತಿತ್ತು. ಉದ್ದೇಶ ಒಳ್ಳೆಯದೇ. ಕಾಲೇಜು ಹೇಳಿದ್ದನ್ನೆಲ್ಲ ನಂಬಬಾರದು, ಪುರಾವೆ ಕೇಳಬೇಕು ಅಂತ ಅವರು ತೀರ್ಮಾನಿಸಿದರು. ಪುರಾವೆ ಕೇಳುತ್ತಾರೆ ಅಂತ ಗೊತ್ತಾದ ದಿನದಿಂದ ನಮ್ಮ ಕಾಲೇಜುಗಳು ಕೆಲಸ ಬಿಟ್ಟು ಪುರಾವೆ ಮಾಡಲು ಕುಳಿತವು. ಪತ್ರಿಕೆಯ ಕಟಿಂಗೂ ಒಂದು ಪುರಾವೆ. ಅಂದರೆ ನಾನು ಬರೆಯುವುದು ಓದುಗರಿಗೆ ಅಲ್ಲ, ಪಂಚಿಂಗ್ ಮಷೀನಿಗೆ. ಎರಡು ತೂತು ಬಿದ್ದು, ಪ್ಲಾಸ್ಟಿಕ್ ಹಾಳೆಯೊಳಗೆ ಹೋಗಿ, ಕಪಾಟಿನಲ್ಲಿ ಐದು ವರ್ಷ ನಿದ್ದೆ ಮಾಡುವುದು ನನ್ನ ಬರಹದ ಹಣೆಬರಹ. ನಮ್ಮ ಪತ್ರಿಕೆಯ ಸಂಪಾದಕೀಯಕ್ಕೂ ಅಷ್ಟು ಆಯುಷ್ಯ ಇಲ್ಲ ಬಿಡಿ.

ಕಟಿಂಗ್‌ಗಿಂತ ದೊಡ್ಡ ಪುರಾವೆ ಜಿಯೋಟ್ಯಾಗ್ ಫೋಟೊ. ಫೋಟೊದ ಕೆಳಗೆ ಊರು, ಅಕ್ಷಾಂಶ, ರೇಖಾಂಶ, ತಾರೀಖು, ಗಂಟೆ ಎಲ್ಲ ಅಚ್ಚಾಗಿರಬೇಕು. ಈಗ ಧಾರವಾಡದ ಯಾವ ಬಿಎ ಹುಡುಗನನ್ನು ಕೇಳಿದರೂ ನಮ್ಮೂರು 15.46 ಡಿಗ್ರಿ ಉತ್ತರ, 75.01 ಡಿಗ್ರಿ ಪೂರ್ವ ಅಂತ ಹೇಳುತ್ತಾನೆ. ಭೂಗೋಳದ ಮೇಷ್ಟ್ರಿಂದ ಆಗದ ಕೆಲಸ ಇದು.

ಕಳೆದ ಮಳೆಗಾಲದ ಒಂದು ಸಸಿ ನೆಡುವ ಕಾರ್ಯಕ್ರಮವನ್ನು ನೀವು ನೋಡಬೇಕಿತ್ತು. ಧಾರವಾಡದ ಜಿಟಿಜಿಟಿ ಮಳೆ. ಒಂದು ಸಸಿ, ಅದನ್ನು ಮುಟ್ಟಿಕೊಂಡು ಒಂಬತ್ತು ಗಣ್ಯರು. ಸಸಿಗೆ ಇದ್ದದ್ದೇ ಆರು ಎಲೆ, ಮೂವರಿಗೆ ಹಿಡಿಯಲು ಏನೂ ಸಿಗಲಿಲ್ಲ. ಅವರು ಹಿಡಿದವರ ಕೈ ಹಿಡಿದುಕೊಂಡರು. ಫೋಟೊ ಆಯಿತು, ಚಪ್ಪಾಳೆ ಆಯಿತು. ಸಂಯೋಜಕರು ಮೊಬೈಲು ನೋಡಿ ಬೆವರಿದರು. ಫೋಟೊದ ಕೆಳಗೆ ಪಕ್ಕದ ಕಾಲೇಜಿನ ಹೆಸರು ಬಂದಿತ್ತು! ಕಂಪೌಂಡ್ ಗೋಡೆಗೆ ಹತ್ತಿರ ಇದ್ದದ್ದರಿಂದ ಮ್ಯಾಪು ಹಾಗೆ ತಿಳಿದುಕೊಂಡಿತ್ತು. ನಮ್ಮ ಸಸಿ, ನಮ್ಮ ಗುದ್ದಲಿ, ಅಂಕ ಮಾತ್ರ ಅವರಿಗೆ ಅಂದರೆ ಯಾರು ಸುಮ್ಮನಿರುತ್ತಾರೆ? ಸಸಿ ಕಿತ್ತರು. ಇಪ್ಪತ್ತು ಹೆಜ್ಜೆ ಈಚೆ ಬಂದು ಮತ್ತೆ ನೆಟ್ಟರು. ಈ ಸಲ ಬರೀ ಬಡಾವಣೆಯ ಹೆಸರು ಬಂತು. ಮತ್ತೆ ಕಿತ್ತರು. ಮೂರನೆಯ ಸಲ ಸರಿಯಾದ ಹೆಸರು ಬಿದ್ದ ಜಾಗ ಸೈಕಲ್ ಸ್ಟ್ಯಾಂಡ್. ಅಲ್ಲಿ ನೆಲ ಕಾಂಕ್ರೀಟು, ಗುಂಡಿ ತೋಡಲು ಆಗುವುದಿಲ್ಲ. ಸಸಿಯನ್ನು ಹಾಗೇ ನಿಲ್ಲಿಸಿ ಹಿಡಿದುಕೊಂಡರು. ಪ್ರಾಚಾರ್ಯರು ಒಂದು ಚೊಂಬು ನೀರನ್ನೂ ಹಾಕಿದರು. ಮಳೆ ಸುರಿಯುತ್ತಲೇ ಇತ್ತು.

ಆ ಸಂಜೆ ಬಂದ ಪ್ರಕಟಣೆಯಲ್ಲಿ ಮೂರು ಸಸಿ ನೆಟ್ಟರು ಅಂತ ಇತ್ತು. ಫೋಟೊ ಮೂರು ಇವೆಯಲ್ಲ, ತಪ್ಪೇನು?

ಒಡಂಬಡಿಕೆಯ ಕತೆ ಚಿಕ್ಕದು. ಬೇರೆ ಸಂಸ್ಥೆಗಳ ಜೊತೆ ಒಪ್ಪಂದ ಎಷ್ಟಿದೆ ಅನ್ನುವುದಕ್ಕೂ ನ್ಯಾಕ್‌ನಲ್ಲಿ ಲೆಕ್ಕ ಇದೆ. ಹಾಗಾಗಿ ಒಂದೇ ಆಡಳಿತ ಮಂಡಳಿಯ ಪದವಿ ಕಾಲೇಜು ಮತ್ತು ಬಿಎಡ್ ಕಾಲೇಜು ಪರಸ್ಪರ ಒಡಂಬಡಿಕೆ ಮಾಡಿಕೊಳ್ಳುತ್ತವೆ. ಒಂದೇ ಗೇಟು, ಒಂದೇ ಕ್ಯಾಂಟೀನು, ಒಬ್ಬನೇ ವಾಚ್‌ಮನ್. ಕಡತ ಬದಲಿಸಿಕೊಳ್ಳುವ ಫೋಟೊದಲ್ಲಿ ಇಬ್ಬರೂ ಪ್ರಾಚಾರ್ಯರು ಎರಡು ದೇಶದ ವಿದೇಶಾಂಗ ಸಚಿವರ ಗತ್ತಿನಲ್ಲಿ ಕೈ ಕುಲುಕುತ್ತಾರೆ.

ವಿಚಾರ ಸಂಕಿರಣಗಳಿಗೂ ದರ್ಜೆ ಇದೆ. ಅತಿಥಿ ಬೆಳಗಾವಿಯವರಾದರೆ ರಾಜ್ಯಮಟ್ಟ. ಕೊಲ್ಹಾಪುರದವರಾದರೆ ರಾಷ್ಟ್ರೀಯ. ಅಂತರರಾಷ್ಟ್ರೀಯ ಆಗಬೇಕಾದರೆ ಯಾರಾದರೂ ಮೇಡಂ ಅವರ ತಮ್ಮ ಅಮೆರಿಕದಲ್ಲಿ ಇರಬೇಕು. ಅವನು ರಾತ್ರಿ ನಿದ್ದೆಗಣ್ಣಿನಲ್ಲಿ ಜೂಮ್‌ಗೆ ಬಂದು ‘ಅಕ್ಕಾ, ಕೇಳಸ್ತದೇನ?’ ಅನ್ನುತ್ತಾನೆ. ಸಂಕಿರಣ ಮುಗಿಯುತ್ತದೆ. ಅಭಿಪ್ರಾಯದ ಫಾರ್ಮ್ ತುಂಬದವರಿಗೆ ಪ್ರಮಾಣಪತ್ರ ಇಲ್ಲ, ಆದ್ದರಿಂದ ಎಲ್ಲರ ಅಭಿಪ್ರಾಯವೂ ‘ಅತ್ಯುತ್ತಮ’.

2021ರಲ್ಲಿ ನಮ್ಮ ರಾಜ್ಯದಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಜಾರಿಗೆ ಬಂತು, ಪದವಿಗೆ ನಾಲ್ಕು ವರ್ಷದ ದಾರಿ ಆಯಿತು. 2024ರಲ್ಲಿ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷಕ್ಕೆ ಮರಳಿತು. ಬಂದಾಗಲೂ ಕಾರ್ಯಾಗಾರ, ಹೋದಾಗಲೂ ಕಾರ್ಯಾಗಾರ. ಎರಡರಲ್ಲೂ ಒಬ್ಬರೇ ಸಂಪನ್ಮೂಲ ವ್ಯಕ್ತಿ. ಎರಡು ಸಲವೂ ಅವರು ‘ಇದು ವಿದ್ಯಾರ್ಥಿಗಳ ಭವಿಷ್ಯಕ್ಕೆ ಮಹತ್ವದ ಹೆಜ್ಜೆ’ ಎಂದರು. ಎರಡು ಸಲವೂ ನಾನು ಬರೆದೆ. ಹಳೆಯ ಸುದ್ದಿ ತೆಗೆದು ತಾರೀಖು ಬದಲಿಸಿದರೆ ಸಾಕಾಗುತ್ತಿತ್ತು, ಆದರೆ ಅತಿಥಿಗಳ ಪೇಟದ ಬಣ್ಣ ಬೇರೆ ಇತ್ತು.

ಹಾಗಾದರೆ ಕ್ಯಾಂಪಸ್‌ನಲ್ಲಿ ನಿಜವಾದ ಸುದ್ದಿ ಇಲ್ಲವೇ ಅಂತ ಕೇಳಬಹುದು. ಇದೆ. ಕುಂದಗೋಳ ಕಡೆಯ ಹುಡುಗಿಯೊಬ್ಬಳು ಪರೀಕ್ಷೆ ಬರೆದಿದ್ದಾಳೆ, ಫಲಿತಾಂಶದಲ್ಲಿ ‘ಗೈರು’ ಅಂತ ಬಂದಿದೆ. ಕಾಲೇಜಿಗೆ ಹೋದರೆ ಮೇಲಿನ ಕಚೇರಿಗೆ ಹೋಗು ಅನ್ನುತ್ತಾರೆ, ಅಲ್ಲಿ ಹೋದರೆ ಪೋರ್ಟಲ್ ನೋಡು ಅನ್ನುತ್ತಾರೆ, ಪೋರ್ಟಲ್ ನೋಡಿದರೆ ಕಾಲೇಜನ್ನು ಸಂಪರ್ಕಿಸಿ ಅನ್ನುತ್ತದೆ. ನಾನು ಅವಳಿಗೆ ಕೇಳಿದೆ, ‘ನೀ ಪರೀಕ್ಷಾಕ್ಕ ಕುಂತಿದ್ದಕ್ಕ ಪುರಾವೆ ಐತೇನು?’ ಅವಳು ಅಂದಳು: ‘ಜಿಯೋಟ್ಯಾಗ್ ಫೋಟೊ ತಗೊಳಾಕ ಮೊಬೈಲ್ ಒಳಗ ಬಿಡಂಗಿಲ್ರೀ ಸರ.’

ಇನ್ನು ಅತಿಥಿ ಉಪನ್ಯಾಸಕರು. ನನಗೆ ಬರುವ ಪ್ರಕಟಣೆಗಳಲ್ಲಿ ಅರ್ಧದಷ್ಟು ಬರೆಯುವವರು ಅವರೇ. ‘ಕಾಲೇಜಿನ ಸರ್ವತೋಮುಖ ಪ್ರಗತಿ’ ಅಂತ ಬರೆದು ಕಳಿಸಿ, ಹಿಂದೆಯೇ ಇನ್ನೊಂದು ಮೆಸೇಜು ಹಾಕುತ್ತಾರೆ: ‘ನಮ್ಮ ಸಂಬಳ ಇನ್ನೂ ಆಗಿಲ್ಲ, ಅದನ್ನೂ ಬರೀರಿ, ನನ್ನ ಹೆಸರು ಬ್ಯಾಡ.’ ಮೊದಲನೆಯದು ಅಚ್ಚಾಗುತ್ತದೆ. ಎರಡನೆಯದಕ್ಕೆ ಡೆಸ್ಕಿನಲ್ಲಿ ಜಾಗ ಸಾಲುವುದಿಲ್ಲ. ಅದೇ ಪುಟದಲ್ಲಿ ಕಾಲೇಜಿನ ಪ್ರವೇಶಾತಿ ಜಾಹೀರಾತು ಇರುತ್ತದಲ್ವಾ, ಅದು ಸ್ವಲ್ಪ ಅಗಲ.

ಗ್ರೇಡ್ ಪದ್ಧತಿ ಬಿಟ್ಟು, ಮಾನ್ಯತೆ ‘ಇದೆ’ ಅಥವಾ ‘ಇಲ್ಲ’ ಅಂತ ಎರಡೇ ಇಡುತ್ತೇವೆ ಎಂದು 2024ರ ಜನವರಿಯಲ್ಲಿ ನ್ಯಾಕ್ ಹೇಳಿತು. ಆಗ ಒಂದು ಕಾಲೇಜಿನಲ್ಲಿ ನಿಜಕ್ಕೂ ದುಃಖ ಕಂಡೆ. ಅವರು ಕಮಾನಿನ ಮೇಲೆ ‘ಎ’ ಅಕ್ಷರವನ್ನು ಸ್ಟೀಲಿನಲ್ಲಿ ಮಾಡಿಸಿ ರಾತ್ರಿ ದೀಪ ಉರಿಯುವ ಹಾಗೆ ಕೂರಿಸಿದ್ದರು. ಅದೇ ಕಟ್ಟಡದ ಹೆಣ್ಣುಮಕ್ಕಳ ಶೌಚಾಲಯದಲ್ಲಿ ಮಾತ್ರ ದೀಪ ಇರಲಿಲ್ಲ. ಅದಕ್ಕೆ ಮಾನದಂಡ ಇಲ್ಲವೇ ಅಂದರೆ, ಇದೆ. ಫೋಟೊ ಹಗಲಿನಲ್ಲಿ ತೆಗೆದಿದ್ದರು.

ಜುಲೈ ಬಂದರೆ ನನಗೂ ಶಾಲು ಸಿಗುತ್ತದೆ. 1843ರ ಜುಲೈ 1ರಂದು ಮಂಗಳೂರಿನಲ್ಲಿ ಹರ್ಮನ್ ಮೊಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ ತಂದ ನೆನಪಿಗೆ ಪತ್ರಿಕಾ ದಿನಾಚರಣೆ ಮಾಡುತ್ತಾರೆ. ಕಾಲೇಜಿನವರು ಕರೆದು ವೇದಿಕೆಗೆ ಹತ್ತಿಸಿ, ಪತ್ರಕರ್ತರು ನಿರ್ಭೀತಿಯಿಂದ ಬರೆಯಬೇಕು ಅಂತ ಹೇಳಿಸುತ್ತಾರೆ. ನಾನು ಹೇಳುತ್ತೇನೆ. ಮುಂದಿನ ಸಾಲಿನ ಹುಡುಗ ಆಕಳಿಸುತ್ತಾನೆ. ನಾನು ಹೇಳಿದ್ದನ್ನು ನಾನೇ ವರದಿ ಮಾಡಬೇಕು, ಪ್ರಕಟಣೆಯಲ್ಲಿ ನನ್ನ ಹೆಸರು ತಪ್ಪಾಗಿ ಇರುತ್ತದೆ.

ಈ ಸಲದ ಅಂಕಣದಲ್ಲಿ ಇದನ್ನೆಲ್ಲ ಬರೆಯುತ್ತಿದ್ದೇನೆ ಅಂತ ಆ ಸಂಯೋಜಕರಿಗೆ ಮೊದಲೇ ಫೋನ್ ಮಾಡಿ ಹೇಳಿದೆ. ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಅವರು ತುಸು ಹೊತ್ತು ಯೋಚಿಸಿ ಕೇಳಿದರು: ‘ಕಾಲೇಜಿನ ಹೆಸರು ಹಾಕಿರೇನು?’

‘ಇಲ್ರೀ, ಹೆಂಗ್ ಹಾಕೂದು? ಬೈದೀನಿ.’

‘ಬೈದ್ರ ಏನಾತ್ರೀ, ಹಾಕ್ರಿ. ದಪ್ಪ ಅಕ್ಷರದಾಗ ಹಾಕ್ರಿ. ಬೈದದ್ದು ಯಾರ್ ಓದ್ತಾರ, ಕಟಿಂಗ್ ಕಟಿಂಗೇ.’