ಫ್ರೇಮಿಲ್ಲದ ಬಾಗಿಲು, ಸೊಟ್ಟ ಗೋಡೆ, ಮಧ್ಯೆ ಸಿಕ್ಕಿಬಿದ್ದ ಎರಡು ಹಿಂಜ್

ಅಲ್ಯುಮಿನಿಯಂ ಫ್ರೇಮ್ ಇರೋ ಶವರ್ ಬಾಗಿಲು ಅಂದ್ರೆ ನಮ್ಮನೇಲಿ ಎಲ್ರಿಗೂ ತಾತ್ಸಾರ, ಹಳೇ ಸ್ಟೈಲು, ಮೂಲೇಲಿ ಕೊಳೆ ಕೂರತ್ತೆ, ನೋಡಕ್ಕೆ ಚೆನ್ನಾಗಿರಲ್ಲ ಅಂತ. ಈಗ ಮನೇಲಿ ನಾನೊಬ್ಬ ಮಾತ್ರ ಫ್ರೇಮ್ ಪಾರ್ಟಿ. ಗೋಡೆ ಸೊಟ್ಟ ಇರ್ಲಿ, ಟೈಲ್ಸು ಒಂದ್ಕಡೆ ಉಬ್ಬಿರ್ಲಿ, ಅವತ್ತು ಮೇಸ್ತ್ರಿ ಯಾವ ಮೂಡಲ್ಲಿದ್ದ ಅನ್ನೋದು ಗೋಡೆ ತುಂಬಾ ಎದ್ದು ಕಾಣ್ತಿರ್ಲಿ, ಫ್ರೇಮ್ ಪುಣ್ಯಾತ್ಮ ಎಲ್ಲಾನೂ ಹೊಟ್ಟೆಗೆ ಹಾಕ್ಕೊಂಡು ಸುಮ್ನಿರತ್ತೆ. ಫ್ರೇಮ್‌ಲೆಸ್ ಗ್ಲಾಸಿಗೆ ಆ ದೊಡ್ಡ ಮನಸ್ಸಿಲ್ಲ. ನೆಟ್ಟಗಿರೋ ಒಂದು ಗಾಜನ್ನ ತಗೊಂಡು ಹೋಗಿ ಗೋಡೆ ಪಕ್ಕ ನಿಲ್ಸಿದ್ರೆ ಗೋಡೆಯ ಪೂರ್ವಜನ್ಮದ ಪಾಪ ಎಲ್ಲಾ ಹೊರಗೆ ಬರತ್ತೆ, ಆ ಪಾಪಕ್ಕೆಲ್ಲಾ ಪ್ರಾಯಶ್ಚಿತ್ತ ಮಾಡ್ಕೋಬೇಕಾಗಿರೋದು ಬಾಗಿಲನ್ನ ಗೋಡೆಗೆ ಹಿಡಿದು ತಿರುಗಿಸೋ, ಅಂಗೈ ಅಗಲದ ಎರಡು ಹಿಂಜ್‌ಗಳು.

ಹಿಂಜ್ ಆರಿಸೋ ದಿನ ಗ್ಲಾಸ್ ಫಿಟ್ಟರ್ ಒಂದು ಬ್ಯಾಗ್ ತುಂಬಾ ಸ್ಯಾಂಪಲ್ ತಂದು ಟೇಬಲ್ ಮೇಲೆ ಹರಡಿದ. ನಮ್ಮವಳು ನೋಡಿದ್ದು ಬಣ್ಣ. ಕ್ರೋಮು, ಮ್ಯಾಟ್ ಬ್ಲಾಕು, ರೋಸ್ ಗೋಲ್ಡು, ಒಂದೊಂದನ್ನೂ ಬಾತ್‌ರೂಮಿಗೆ ತಗೊಂಡು ಹೋಗಿ ನಲ್ಲಿ ಪಕ್ಕ ಹಿಡಿದು ಜಾತಕ ಹೊಂದಿಸ್ತಾ ಇದ್ಲು. ನಮ್ಮ ಮಾವನವರು ಕೈಲಿ ಎತ್ತಿ ತೂಗಿ ನೋಡೋರು, ಭಾರ ಇದ್ದಿದ್ದೇ ಒಳ್ಳೇದು ಅನ್ನೋದು ಅವರ ಜೀವಮಾನದ ಸಿದ್ಧಾಂತ, ಹಿಂಜ್ ವಿಷಯದಲ್ಲಿ ಮಾತ್ರ ಅದು ಬಹುಪಾಲು ಸರಿನೇ ಅಂತ ಒಪ್ಕೋಬೇಕು, ಯಾಕಂದ್ರೆ ಗಟ್ಟಿ ಹಿತ್ತಾಳೆಗೆ ಕ್ರೋಮ್ ಹೊಡೆದಿರೋದು ಕೈಗೆ ಭಾರ ಸಿಗತ್ತೆ, ಝಿಂಕ್ ಮಿಶ್ರಲೋಹದ್ದು ಹಗುರ, ಬಾತ್‌ರೂಮಿನ ನೀರಲ್ಲಿ ಕೋಟಿಂಗ್ ಎದ್ದ ಮೇಲೆ ಬೇಗ ಹಾಳಾಗತ್ತೆ. 304 ಸ್ಟೇನ್‌ಲೆಸ್ ಸ್ಟೀಲ್‌ದೂ ಇತ್ತು, ಅದು ಮಾವನವರ ತೂಕದ ಪರೀಕ್ಷೇಲೂ ಪಾಸು, ಆದ್ರೆ ನಲ್ಲಿ ಜೊತೆ ಜಾತಕ ಕೂಡಿಬರ್ಲಿಲ್ಲ.

ನಾನು ಕೂತಿದ್ದು ಬೇರೆ ಲೆಕ್ಕದಲ್ಲಿ. ಗಾಜಿನ ತೂಕದ ಲೆಕ್ಕ ಬಹಳ ಸುಲಭ, ಒಂದು ಚದರ ಮೀಟರು, ಒಂದು ಎಂಎಂ ದಪ್ಪ ಅಂದ್ರೆ ಎರಡೂವರೆ ಕೆಜಿ, ಅಷ್ಟೇ. ನಮ್ಮ ಬಾಗಿಲು 700 ಎಂಎಂ ಅಗಲ, 2 ಮೀಟರ್ ಎತ್ತರ, 10 ಎಂಎಂ ದಪ್ಪ, ಅಲ್ಲಿಗೆ 35 ಕೆಜಿ. 8 ಎಂಎಂ ಹಾಕಿದ್ರೆ 28, 12 ಎಂಎಂ ಆದ್ರೆ 42. ಇಷ್ಟು ಹೇಳೋ ಹೊತ್ತಿಗೆ ಮಾವನವರು "ಅಳಿಯಂದ್ರೇ, 700 ಯಾಕೆ, 900 ಮಾಡ್ಸಿ, ಓಡಾಡಕ್ಕೆ ಧಾರಾಳವಾಗಿರ್ಲಿ" ಅಂದ್ರು. 900 ಮಾಡಿದ್ರೆ 45 ಕೆಜಿ, ಹತ್ತು ಕೆಜಿ ತಾನೇ ಜಾಸ್ತಿ ಅನ್ಸತ್ತೆ, ಅಲ್ಲೇ ಇರೋದು ತಮಾಷೆ. ತೂಕದ ಜೊತೆಗೆ ಆ ತೂಕದ ಮಧ್ಯಬಿಂದೂನೂ ಗೋಡೆಯಿಂದ ದೂರ ಹೋಗತ್ತೆ. ಮೇಲಿನ ಹಿಂಜ್‌ಗೂ ಕೆಳಗಿನದಕ್ಕೂ ಒಂದೂವರೆ ಮೀಟರ್ ಅಂತರ ಇದೆ ಅನ್ಕೊಳ್ಳಿ, ಬಾಗಿಲು ತನ್ನ ಭಾರದಿಂದ ಮೇಲಿನ ಹಿಂಜನ್ನ ಗೋಡೆಯಿಂದ ಕಿತ್ತು ಎಳೀತಾ ಇರತ್ತೆ, ಕೆಳಗಿನದನ್ನ ಗೋಡೆ ಒಳಕ್ಕೆ ಒತ್ತುತಾ ಇರತ್ತೆ, ಆ ಎಳೆತ 700ರ ಬಾಗಿಲಲ್ಲಿ ಹೆಚ್ಚುಕಮ್ಮಿ 8 ಕೆಜಿಯಷ್ಟು, 900ರಲ್ಲಿ 13 ದಾಟತ್ತೆ. ಇದಕ್ಕೇ ಹಿಂಜ್ ಡಬ್ಬಿ ಮೇಲೆ ಇಷ್ಟು ಕೆಜಿ ತಡೆಯತ್ತೆ ಅನ್ನೋದರ ಜೊತೆ ಬಾಗಿಲು ಇಷ್ಟಕ್ಕಿಂತ ಅಗಲ ಇರಬಾರದು ಅಂತಾನೂ ಬರೆದಿರ್ತಾರೆ, ಯಾರೂ ಎರಡನೇ ಸಾಲು ಓದಲ್ಲ.

"ಹಾಗಾದ್ರೆ ಮೂರು ಹಿಂಜ್ ಹಾಕ್ಸಿ" ಅಂದ್ರು ಮಾವ. ಫಿಟ್ಟರ್ ಅಲ್ಲಿವರ್ಗೂ ಸುಮ್ನಿದ್ದೋನು ಬಾಯಿಬಿಟ್ಟ, "ಸಾರ್, ಎರಡು ಹಿಂಜ್ ಒಂದು ಗೆರೇಲಿ ಬಂದ್ರೇನೇ ದೇವ್ರು ದೊಡ್ಡೋನು, ಮೂರನೇದು ಎಲ್ಲಿಂದ ಬರತ್ತೆ". ಹಿಂಜ್ ಯಾವುದರ ಸುತ್ತ ತಿರುಗತ್ತೋ ಆ ಪಿನ್ನು ಮೂರೂ ಒಂದೇ ನೇರದಲ್ಲಿ ಇಲ್ಲ ಅಂದ್ರೆ ಮಧ್ಯದ್ದು ಭಾರ ಹೊರೋದಲ್ಲ, ಜಗಳ ಆಡತ್ತೆ, ಗಾಜನ್ನ ಬಗ್ಗಿಸಕ್ಕೆ ನೋಡತ್ತೆ. ಭಾರೀ ಬಾಗಿಲಿಗೆ ಮೂರು ಬೇಕೇ ಬೇಕು, ನಮ್ಮದಕ್ಕೆ ಬೇಡ ಅಂತ ತೀರ್ಮಾನ ಆಯ್ತು, 900 ಕೂಡ 700ಕ್ಕೇ ಇಳೀತು, ಮಾವನವರು ಪೇಪರ್ ಓದಕ್ಕೆ ಹೋದ್ರು.

ಆಮೇಲೆ ಅಳತೆ. ಫಿಟ್ಟರ್ ಒಂದು ಉದ್ದದ ಲೆವೆಲ್ ಪಟ್ಟಿ ತಂದು ಗೋಡೆಗೆ ಆನಿಸ್ದ, ಗುಳ್ಳೆ ನೋಡಿ ನಕ್ಕ. ಆ ನಗು ನನಗೆ ಇವತ್ತಿಗೂ ಇಷ್ಟ ಆಗಲ್ಲ. ಕೆಳಗೆ, ಮಧ್ಯೆ, ಮೇಲೆ ಮೂರು ಕಡೆ ಅಗಲ ಅಳೆದ, ಮೂರೂ ಬೇರೆ ಬೇರೆ, ಮೇಲಕ್ಕೂ ಕೆಳಕ್ಕೂ 6 ಎಂಎಂ ವ್ಯತ್ಯಾಸ. ಇಷ್ಟು ವರ್ಷ ಈ ಗೋಡೇನ ನಂಬಿ ಟವಲ್ ರಾಡ್ ನೇತುಹಾಕಿದ್ವಲ್ಲ ಅನ್ನಿಸ್ತು. ವಿಷ್ಯ ಏನಂದ್ರೆ ಗೋಡೆ ಎಷ್ಟಾದ್ರೂ ವಾಲಿರ್ಲಿ, ಎರಡು ಹಿಂಜ್‌ಗಳ ಪಿನ್ ಮಾತ್ರ ಒಂದರ ಕೆಳಗೊಂದು ತೂಗುಗುಂಡು ಬಿಟ್ಟ ಹಾಗೆ ನೇರ ಇರಬೇಕು, ಆ ಗೆರೆ ಸ್ವಲ್ಪ ವಾಲಿದ್ರೂ ಬಾಗಿಲು ತನಗೆ ಇಷ್ಟ ಬಂದ ಕಡೆ ತಾನೇ ಹೋಗಿ ನಿಲ್ಲತ್ತೆ. ಹಾಗಾಗಿ ಒಂದು ಹಿಂಜ್ ಹಿಂದೆ ಪ್ಯಾಕಿಂಗ್, ಅಂದ್ರೆ ತೆಳು ಬಿಲ್ಲೆ, ಕೊಟ್ಟು ಮುಂದಕ್ಕೆ ತರಬೇಕು, ಇಲ್ಲಾಂದ್ರೆ ಗಾಜನ್ನೇ ಗೋಡೆ ಹೇಗಿದ್ಯೋ ಹಾಗೆ ಓರೆ ಕತ್ತರಿಸಿ ತರಬೇಕು. 6 ಎಂಎಂಗೆ ಪ್ಯಾಕಿಂಗ್ ಸಾಲಲ್ಲ, ಕಣ್ಣಿಗೆ ಹೊಡೆಯತ್ತೆ ಅಂತ ಅವನು ಸ್ವಲ್ಪ ಓರೆ, ಸ್ವಲ್ಪ ಪ್ಯಾಕಿಂಗ್ ಅಂತ ರಾಜಿ ಮಾಡ್ಸಿದ.

ಗಾಜು ಆರ್ಡರ್ ಹೋಯ್ತು. ಹೋದ ಮಾರನೇ ದಿನ ನಮ್ಮವಳು "ರೀ, ಆ ಚೌಕದ ಹಿಂಜ್ ಬೇಡ, ಅಂಚು ದುಂಡಗಿರೋದು ಇತ್ತಲ್ಲ, ಅದು ಹಾಕೋಣ" ಅಂದ್ಲು. ಫೋನಲ್ಲಿ ಫಿಟ್ಟರ್‌ಗೆ ಹೇಳಿದ್ರೆ ಆ ಕಡೆಯಿಂದ ಶಬ್ದಾನೇ ಇಲ್ಲ. ಕಾರಣ ಇದೆ. ಟಫನ್ಡ್ ಗ್ಲಾಸನ್ನ 600 ಡಿಗ್ರಿ ಸೆಲ್ಸಿಯಸ್ ದಾಟಿಸಿ ಕಾಯಿಸಿ, ತಕ್ಷಣ ಎರಡೂ ಕಡೆಯಿಂದ ಗಾಳಿ ಊದಿ ತಣ್ಣಗೆ ಮಾಡ್ತಾರೆ, ಅದರಿಂದ ಮೈಮೇಲೆ ಒತ್ತಡ, ಒಳಗೆ ಎಳೆತ ಕೂತುಬಿಡತ್ತೆ, ಅದೇ ಅದರ ಶಕ್ತಿ. ಆಮೇಲೆ ಅದನ್ನ ಕೊರೆಯೋದು, ಕತ್ತರಿಸೋದು ಏನೂ ನಡೆಯಲ್ಲ, ಕೈ ಇಟ್ರೆ ಇಡೀ ಹಾಳೆ ಕಲ್ಲುಸಕ್ಕರೆ ಥರ ಪುಡಿ. ಅದಕ್ಕೇ ಹಿಂಜ್ ಕೂರೋ ಕಟೌಟು, ಹ್ಯಾಂಡಲ್ ತೂತು ಎಲ್ಲಾ ಕಾಯಿಸೋಕೆ ಮುಂಚೇನೇ ಮಾಡಿರಬೇಕು, ಒಂದೊಂದು ಮಾಡೆಲ್ ಹಿಂಜ್‌ಗೂ ಕಟೌಟ್ ಆಕಾರ ಬೇರೆ. ಸ್ವಲ್ಪ ಹೊತ್ತಾದ್ಮೇಲೆ ಫಿಟ್ಟರ್ "ಮೇಡಂಗೆ ಹೇಳಿ ಸಾರ್, ಗಾಜು ಕುಲುಮೆಗೆ ಹೋಗಿದೆ" ಅಂದ. ಯಾವುದೋ ಸಂಬಂಧಿಕರು ತೀರಿಕೊಂಡ್ರು ಅನ್ನೋ ಧ್ವನೀಲಿ ಹೇಳಿದ. ಚೌಕದ್ದೇ ಉಳೀತು.

ಗೋಡೆ ಕೊರೆಯೋದಕ್ಕಿಂತ ಮುಂಚೆ ಇನ್ನೊಂದು ಪ್ರಶ್ನೆ, ಟೈಲ್ಸ್ ಹಿಂದೆ ಪೈಪ್ ಎಲ್ಲಿ ಹೋಗಿದೆ? ಟೈಲ್ಸ್ ಹಾಕೋ ಮುಂಚೆ ಗೋಡೆ ಫೋಟೋ ತೆಗೆದಿಟ್ಕೊಳ್ಳಿ ಅಂತ ತಿಳಿದೋರೆಲ್ಲಾ ಹೇಳ್ತಾರೆ, ನಾವೂ ತೆಗೆದಿದ್ವಿ, ಫೋನಲ್ಲಿ ಹುಡುಕಿ ಹುಡುಕಿ ಸಿಕ್ತು ಕೂಡ. ಫೋಟೋದಲ್ಲಿ ಗೋಡೆ ಇದೆ, ಪೈಪ್ ಇದೆ, ಹಿಂಜ್ ಬರಬೇಕಾದ ಮೂಲೇಲಿ ಸರಿಯಾಗಿ ಅಡ್ಡ ನಿಂತು ನಮ್ಮ ಮಾವನವರು ನಗ್ತಾ ಇದ್ದಾರೆ. ಎರಡನೇ ಫೋಟೋದಲ್ಲಿ ಒಂದು ಹೆಜ್ಜೆ ಸರಿದಿದ್ದಾರೆ, ಕೆಳಗಿನ ಹಿಂಜ್ ಕಡೆಗೆ. "ನಂಗೇನ್ ಗೊತ್ತು, ನೀವೇ ನಿಂತ್ಕೊಳ್ಳಿ ಅಂದ್ರಿ" ಅಂತ ಅವರ ವಾದ, ಅದೂ ನಿಜಾನೇ. ಕೊನೆಗೆ ಫಿಟ್ಟರ್ ಗೋಡೆ ಒಳಗಿನ ಪೈಪು, ವೈರು ಪತ್ತೆ ಮಾಡೋ ಡಿಟೆಕ್ಟರ್ ತಂದು ಮೇಲಿಂದ ಕೆಳಗೆ ಉಜ್ಜಿ, ಕಿವಿಗೊಟ್ಟು, ಬೆರಳಿಂದ ತಟ್ಟಿ, ಪೈಪ್ ಇಲ್ಲ, ಆದ್ರೆ ಒಂದು ಕಡೆ ಟೈಲ್ ಹಿಂದೆ ಟೊಳ್ಳು ಅಂದ. ಟೈಲ್‌ಗೆ ಅಂಟನ್ನ ಪೂರ್ತಿ ಬಳಿಯದೆ ಅಲ್ಲೊಂದು ಇಲ್ಲೊಂದು ಉಂಡೆ ಇಟ್ಟು ಅಂಟಿಸಿದ್ರೆ ಹೀಗೇ, ಅಲ್ಲಿ ಸ್ಕ್ರೂ ಬಿಗಿ ಮಾಡಿದ್ರೆ ಟೈಲು ಒಳಕ್ಕೆ ಬಗ್ಗಿ ಟಪ್ ಅನ್ನತ್ತೆ. ತೂತಲ್ಲಿ ಎಪಾಕ್ಸಿ ಅಂಟು ತುಂಬಿ ಒಣಗೋವರ್ಗೂ ಕಾಯ್ಬೇಕಾಯ್ತು. ಕೊರೆಯೋವಾಗಂತೂ ಅವನ ತಾಳ್ಮೆ ಮೆಚ್ಚಬೇಕು, ಟೇಪ್ ಅಂಟಿಸಿ ಗುರುತು, ಡೈಮಂಡ್ ಬಿಟ್ಟು, ಡ್ರಿಲ್ಲಿನ ಹ್ಯಾಮರ್ ಆಫು, ನೀರು ಚಿಮುಕಿಸ್ತಾ ನಿಧಾನಕ್ಕೆ ಟೈಲ್ ದಾಟಿ, ಆಮೇಲೇನೇ ಕಾಂಕ್ರೀಟಿನ ಬಿಟ್ ಹಾಕಿ ಹ್ಯಾಮರ್ ಆನ್ ಮಾಡಿದ್ದು.

ಗಾಜು ಬಂತು. ಟಫನ್ಡ್ ಗ್ಲಾಸ್ ನಡುಮಧ್ಯೆ ಗುದ್ದಿದ್ರೂ ತಡ್ಕೊಳ್ಳತ್ತೆ, ಮೂಲೆ ಟೈಲ್ ಮೇಲೆ ತಾಗಿದ್ರೆ ಮುಗೀತು, ಅದಕ್ಕೆ ಕೆಳಗೆ 10 ಎಂಎಂ ಪ್ಲಾಸ್ಟಿಕ್ ಬ್ಲಾಕ್ ಇಟ್ಟು ಅದರ ಮೇಲೆ ನಿಲ್ಸಿದ್ರು. ಎತ್ತೋ ಟೈಮಲ್ಲಿ ಮಾವನವರು "ಹುಷಾರು" ಅಂತ ಕೂಗಿದ್ರು, ಆ ಕೂಗಿಗೇ ಫಿಟ್ಟರ್ ಜೊತೆ ಗಾಜು ಎತ್ತುತಿದ್ದ ಹುಡುಗ ಬೆಚ್ಚಿಬಿದ್ದ, ಗಾಜು ಬೀಳ್ಲಿಲ್ಲ, ನನ್ನ ಎದೆ ಮಾತ್ರ ಬಿತ್ತು. ಹಿಂಜ್ ಗಾಜನ್ನ ಹಿಡ್ಕೊಳ್ಳೋದು ಬರೀ ಒತ್ತಡದಿಂದ, ಲೋಹ ಗಾಜಿಗೆ ಎಲ್ಲೂ ಮುಟ್ಟಬಾರದು, ಎರಡೂ ಕಡೆ ನಡುವೆ ತೆಳು ಗ್ಯಾಸ್ಕೆಟ್ ಹಾಳೆ ಇರಬೇಕು, ಗಾಜಿನ ಮೇಲೆ ಬೆರಳಿನ ಎಣ್ಣೆ ಜಿಡ್ಡು ಇರಬಾರದು, ಜಿಡ್ಡಿದ್ರೆ ನಿಧಾನಕ್ಕೆ ಜಾರತ್ತೆ. ಒಂದು ಸ್ಕ್ರೂ ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋಗೋ ಹಾಗಿಲ್ಲ, ಅದಕ್ಕಿಷ್ಟು ಇದಕ್ಕಿಷ್ಟು ಅಂತ ಸಮ ಮಾಡ್ಕೊಂಡು ಬರಬೇಕು.

ನಿಂತಿತು ಅಂದ್ಕೊಂಡ್ವಿ, ನಿಂತಿರ್ಲಿಲ್ಲ. ಮೇಲಿನ ಹಿಂಜಲ್ಲಿ ಗಾಜು ಒಂದೆರಡು ಎಂಎಂ ಜಾರಿ, ಹ್ಯಾಂಡಲ್ ಕಡೆ ಮೇಲಿನ ತುದಿ ಪಕ್ಕದ ಗಾಜಿಗೆ ಹತ್ರ ಬಂದುಬಿಟ್ಟಿತ್ತು, ಅಲ್ಲಿ ಇರೋದೇ 4 ಎಂಎಂ ಸಂದು. ಹ್ಯಾಂಡಲ್ ಕಡೆ ಮರದ ಬೆಣೆ ಕೊಟ್ಟು ಎತ್ತಿ, ಮೇಲಿನದನ್ನ ಸಡಿಲ ಮಾಡಿ, ಸರಿ ಮಾಡಿ, ಮತ್ತೆ ಬಿಗಿದ್ರು. ಆಮೇಲೆ ಶುರುವಾಯ್ತು ಅಸಲಿ ನಾಟಕ. ಈ ಹಿಂಜ್‌ಗಳು ತಾವೇ ಮುಚ್ಕೊಳ್ಳೋ ಜಾತಿ, ಬಾಗಿಲು ಸುಮಾರು 25 ಡಿಗ್ರಿ ಒಳಗೆ ಬಂದ್ರೆ ಒಳಗಿನ ಸ್ಪ್ರಿಂಗ್ ಹಿಡಿದು ಎಳ್ಕೊಂಡು ಹೋಗಿ ತನ್ನ ಸೊನ್ನೆ ಜಾಗದಲ್ಲಿ ನಿಲ್ಲಿಸತ್ತೆ, ಆ ಸೊನ್ನೆ ಜಾಗ ಎಲ್ಲಿ ಅನ್ನೋದನ್ನ ಸಣ್ಣ ಆಲನ್ ಕೀ ಸ್ಕ್ರೂ ಸಡಿಲಿಸಿ ಸೆಟ್ ಮಾಡ್ಬಹುದು. ಮೇಲಿನದರ ಸೊನ್ನೆ ಒಂದು ಕಡೆ, ಕೆಳಗಿನದರ ಸೊನ್ನೆ ಇನ್ನೊಂದು ಕಡೆ. ಬಾಗಿಲು ಇಬ್ಬರ ಮಾತೂ ಕೇಳಿ ಕೊನೆಗೆ ಎಲ್ಲೂ ಹೋಗದೆ ಹೊರಗೆ ಒಂದು ಬೆರಳಷ್ಟು ಚಾಚ್ಕೊಂಡು ನಿಲ್ತು. ನಮ್ಮವಳು ಒಳಗೆ ತಳ್ಳು ಅಂದ್ಲು, ಮಾವ ಹೊರಗೆ ಎಳಿ ಅಂದ್ರು, ಫಿಟ್ಟರ್ ಇಬ್ಬರ ಮುಖಾನೂ ನೋಡ್ದೆ ಎರಡೂ ಸ್ಕ್ರೂ ಸಡಿಲ ಮಾಡಿ, ಗಾಜನ್ನ ಬೇಕಾದ ಜಾಗದಲ್ಲಿ ಹಿಡ್ಕೊಳ್ಳಿ ಸಾರ್ ಅಂತ ನನ್ನ ಕೈಗೆ ಕೊಟ್ಟು, ಎರಡನ್ನೂ ಒಟ್ಟಿಗೆ ಬಿಗಿದ. ಈ ಸಲ ಬಾಗಿಲು ಬಂದು ಸದ್ದಿಲ್ಲದೆ ನಿಂತಿತು. ಮಾವನವರು "ನಾನು ಹೇಳಿದ್ದೂ ಅದೇ" ಅಂದ್ರು.

ಸ್ನಾನ ಮಾಡಿ ನೋಡಿದ್ರೆ ಹೊರಗೆ ನೀರು. ಎಲ್ರೂ ಹಿಂಜ್ ಕಡೆ ಬೆರಳು ತೋರಿಸಿದ್ರು, ಪಾಪ. ಫ್ರೇಮ್‌ಲೆಸ್ ಬಾಗಿಲು ಮೊದ್ಲಿಂದಾನೂ ನೀರು ಬಿಗಿ ಅಲ್ಲ, ಹಿಂಜ್ ಇರೋ ಜಾಗದಲ್ಲಿ ಸೀಲ್ ಪಟ್ಟಿ ತುಂಡಾಗಲೇಬೇಕು, ಶವರ್ ಮುಖ ಬಾಗಿಲ ಕಡೆ ತಿರುಗಿಸಿದ್ರೆ ಸಂದಿಂದ ಹನಿ ಬಂದೇ ಬರತ್ತೆ. ಶವರ್ ತಿರುಗಿಸಿ, ಕೆಳಗಿನ ಸೀಲ್ ಸರಿ ಮಾಡಿದ್ಮೇಲೆ ಬಹಳಷ್ಟು ನಿಂತಿತು, ಉಳಿದದ್ದು ಹೊಸ್ತಿಲಿನ ಕಲ್ಲು, ಅದು ಒಳಗೆ ಇಳಿಜಾರಾಗೋದು ಬಿಟ್ಟು ಹೊರಗೆ ವಾಲಿದೆ, ಗೋಡೆ ಕಟ್ಟಿದ ಕೈನೇ ಅದನ್ನೂ ಕೂರಿಸಿದ್ದು, ಅದಕ್ಕೆ ಯಾವ ಹಿಂಜೂ ಏನೂ ಮಾಡಕ್ಕಾಗಲ್ಲ.

ಒಂದಷ್ಟು ವಾರ ಬಿಟ್ಟು ಫಿಟ್ಟರ್ ಬಂದು ಎಲ್ಲಾ ಸ್ಕ್ರೂ ಇನ್ನೊಂದ್ಸಲ ಬಿಗಿದು, ಆಸಿಡ್ ಕ್ಲೀನರ್ ಮಾತ್ರ ಹಾಕ್ಬೇಡಿ ಕ್ರೋಮ್ ಹೋಗತ್ತೆ ಅಂತ ನಮ್ಮವಳಿಗೆ ಹೇಳಿ ಹೊರಟ. ಅವಳು ಬಿಡ್ತಾಳಾ, ಮಹಡಿ ಮೇಲಿನ ಬಾತ್‌ರೂಮಿಗೂ ಇದೇ ಥರ ಹಾಕ್ಬೇಕು, ಈ ಸಲ ದುಂಡು ಅಂಚಿಂದು ಅಂತ ಕರ್ಕೊಂಡು ಹೋಗಿ ತೋರ್ಸಿದ್ಲು. ಅವನು ಲೆವೆಲ್ ಪಟ್ಟಿ ಗೋಡೆಗೆ ಆನಿಸಿ, ಗುಳ್ಳೆ ಎಲ್ಲಿ ಹೋಯ್ತು ಅಂತ ಸ್ವಲ್ಪ ಹೊತ್ತು ಹುಡುಕಿ, ಪಟ್ಟೀನ ವಾಪಸ್ ಬ್ಯಾಗಿಗೆ ಹಾಕ್ಕೊಂಡ.

"ಮೇಡಂ, ಇಲ್ಲಿಗೆ ಕರ್ಟನ್ ಹಾಕ್ಸಿಬಿಡಿ."