ಬುದ್ಧಿಶಕ್ತಿಯ ಅನುವಂಶೀಯತೆಯನ್ನು ಶಾಲೆ ಲೆಕ್ಕಕ್ಕೆ ಹಿಡಿಯಬೇಕೇ?

ಪರ

ಒಂದೇ ಮನೆಯ ಅಣ್ಣ-ತಮ್ಮಂದಿರು ಒಂದೇ ಮಾಸ್ತರರ ಕೈಯಲ್ಲಿ ಕಲಿತರೂ ಒಬ್ಬ ಮಗ್ಗಿಯನ್ನು ಕೇಳಿದಷ್ಟಕ್ಕೇ ಒಪ್ಪಿಸುತ್ತಾನೆ, ಇನ್ನೊಬ್ಬ ತಿಂಗಳು ಕಳೆದರೂ ಹದಿಮೂರರಲ್ಲೇ ತಡವರಿಸುತ್ತಾನೆ. ಅಮೆರಿಕದ ಮಿನ್ನೆಸೊಟದಲ್ಲಿ ಮನೋವಿಜ್ಞಾನಿ ಥಾಮಸ್ ಬೂಷಾರ್ಡ್ 1979ರಲ್ಲಿ ಆರಂಭಿಸಿದ ಅಧ್ಯಯನವು, ಎಳವೆಯಲ್ಲೇ ಅಗಲಿ ಬೇರೆ ಬೇರೆ ಮನೆಗಳಲ್ಲಿ ಬೆಳೆದ ಏಕರೂಪಿ ಅವಳಿಗಳನ್ನು ಪರೀಕ್ಷಿಸಿ, ಬುದ್ಧಿಮತ್ತೆಯ ಅಂಕಗಳಲ್ಲಿ ಕಾಣುವ ವ್ಯತ್ಯಾಸದ ಸುಮಾರು ಶೇ 70ರಷ್ಟು ಪಾಲಿಗೆ ವಂಶವಾಹಿಗಳ ನಂಟಿದೆ ಎಂದು 1990ರಲ್ಲಿ ವರದಿ ಮಾಡಿತು. ಇದನ್ನು ಒಪ್ಪದ ಶಾಲೆ ತನಗರಿವಿಲ್ಲದೆ ಕ್ರೂರವಾಗುತ್ತದೆ. ಗಣಿತ ತಲೆಗೆ ಹತ್ತದ ಹುಡುಗನನ್ನು ಸೋಮಾರಿಯೆಂದು ಜರಿದು, ಸಾಲ ಮಾಡಿಯಾದರೂ ವಿಜ್ಞಾನ ವಿಭಾಗಕ್ಕೆ ನೂಕುವ ಪಾಲಕರು ಧಾರವಾಡದಲ್ಲಿ ಕಡಿಮೆಯಿಲ್ಲ. ಕಲಿಕೆಯ ವೇಗ ಹುಟ್ಟಿನಿಂದಲೂ ಬೇರೆಯಾಗಿರಬಹುದೆಂದು ತಿಳಿದರೆ, ವೇಗಕ್ಕೆ ತಕ್ಕಂತೆ ಮಕ್ಕಳನ್ನು ವಿಂಗಡಿಸಿ, ನಿಧಾನವಾಗಿ ಕಲಿಯುವವರಿಗೆ ಹೆಚ್ಚು ಕಾಲ ಕೊಡಬಹುದು.

ವಿರೋಧ

ಆ ಅಂಕಿ ಸುಳ್ಳಲ್ಲ, ಅದನ್ನು ಓದುವ ಬಗೆ ತಪ್ಪು. ಅನುವಂಶೀಯತೆಯೆಂಬುದು ಒಂದು ಸಮುದಾಯದೊಳಗಿನ ವ್ಯತ್ಯಾಸದ ಅಳತೆಯೇ ಹೊರತು, ಎದುರಿಗೆ ಕುಳಿತ ಮಗುವಿನ ಬುದ್ಧಿಯಲ್ಲಿ ಎಷ್ಟು ಪಾಲು ಹುಟ್ಟಿನಿಂದ ಬಂದದ್ದೆಂಬ ಲೆಕ್ಕವಲ್ಲ. ಜೀವವಿಜ್ಞಾನಿ ರಿಚರ್ಡ್ ಲೆವೊಂಟಿನ್ 1970ರಲ್ಲಿ ಬೀಜಗಳ ಉಪಮೆಯಿಂದ ಇದನ್ನು ವಿವರಿಸಿದರು. ಗದಗ ಸೀಮೆಯ ರೈತನಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ಚೀಲದ ಜೋಳವನ್ನು ಅರ್ಧ ಕಪ್ಪು ಮಣ್ಣಿನ ಎರಿ ಹೊಲಕ್ಕೂ ಅರ್ಧ ಕೆಂಪು ಮಣ್ಣಿನ ಮಸಾರಿಗೂ ಬಿತ್ತಿದರೆ, ಒಂದೇ ಹೊಲದ ತೆನೆ-ತೆನೆಗಳ ನಡುವಿನ ಅಂತರ ಬೀಜದ್ದಿರಬಹುದು, ಆದರೆ ಎರಡು ಹೊಲಗಳ ನಡುವಿನ ಅಂತರ ಮಣ್ಣಿನದು.

ಮನೋವಿಜ್ಞಾನಿ ಎರಿಕ್ ಟರ್ಕ್‌ಹೈಮರ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ, ಅಮೆರಿಕದ ಏಳು ವರ್ಷದ ಅವಳಿಗಳ ಅಧ್ಯಯನದಲ್ಲಿ, ಬಡ ಕುಟುಂಬಗಳಲ್ಲಿ ವಂಶವಾಹಿಗಳ ಪಾಲು ಹೆಚ್ಚುಕಡಿಮೆ ಸೊನ್ನೆಗಿಳಿದಿತ್ತು, ಅನುಕೂಲಸ್ಥರಲ್ಲಿ ಏರಿತ್ತು. ಯುರೋಪಿನಲ್ಲಿ ಈ ಅಂತರ ಹೀಗೆ ಕಂಡಿಲ್ಲ ಎಂಬುದನ್ನೂ ಹೇಳಲೇಬೇಕು. ಬಡತನದ ಏಟು ಎಲ್ಲ ದೇಶಗಳಲ್ಲೂ ಒಂದೇ ಬಿರುಸಿನದಲ್ಲದಿರಬಹುದು.

ಬ್ಯಾಡಗಿ ಕಡೆಯ ಹಳ್ಳಿಯೊಂದರಲ್ಲಿ ಆರನೆಯ ತರಗತಿಯ ಹುಡುಗಿಯೊಬ್ಬಳು ಮೆಣಸಿನಕಾಯಿ ಬಿಡಿಸಲು ಅವ್ವನ ಜೊತೆ ಹೋಗಿ, ಮೂರು ವಾರ ಕಳೆದು ಉರಿಯುವ ಬೆರಳುಗಳೊಂದಿಗೆ ಮರಳಿದಾಗ ವರ್ಗ ದಶಮಾಂಶಕ್ಕೆ ದಾಟಿತ್ತು. ಅವಳ ನೋಟ್‌ಬುಕ್ಕಿನಲ್ಲಿ ಭಿನ್ನರಾಶಿಯ ಪುಟಗಳು ಖಾಲಿ ಉಳಿದಿದ್ದವು. ಆ ವಾರದ ಪರೀಕ್ಷೆಯ ಅಂಕ ನೋಡಿ ವಿಂಗಡಿಸಿದರೆ ಅವಳು ನಿಧಾನದವರ ಸಾಲಿಗೆ ಸೇರುತ್ತಾಳೆ, ಮತ್ತು ಮುಂದಿನ ವರ್ಷ ಬರುವ ಹೊಸ ಮಾಸ್ತರರಿಗೆ ಕಾಣುವುದು ಆ ಸಾಲು ಮಾತ್ರ.